ಮುಂದೆ ಕೊಳ್ಳುವವನು

ಎಲೆಕ್ಟ್ರಿಕ್ ಕಾರಿನ ಶೋರೂಮಿನಲ್ಲಿ ಹೆಂಡತಿ ಆಕಳಿಸುತ್ತ ಕೂತಿದ್ದಾಳೆ. ಯಜಮಾನರು ಮತ್ತೆ ಚಕ್ರಗಳ ಮುಂದೆ ಕುಕ್ಕರಗಾಲಿನಲ್ಲಿದ್ದಾರೆ. ದೊಡ್ಡ ಚಕ್ರ ನೋಡಲು ಚೆಂದ, ಆದರೆ ಬ್ಯಾಟರಿ ಬೇಗ ಖಾಲಿಯಾಗುತ್ತದೆ. ಚಿಕ್ಕದು ದೂರ ಓಡುತ್ತದೆ, ಆದರೆ ಕಳೆಯಿಲ್ಲ. "ನಿಮಗೆ ಯಾವುದು ಇಷ್ಟ ಸಾರ್?" ಎಂದು ಸೇಲ್ಸ್‌ನವನು ಕೇಳಿದರೆ, "ನನ್ನ ಇಷ್ಟ ಕಟ್ಕೊಂಡು ಏನ್ರೀ ಆಗ್ಬೇಕು? ನಾಳೆ ಇದನ್ನ ನನ್ನಿಂದ ಕೊಳ್ಳೋನು ಏನಂತಾನೆ, ಅದನ್ನ ಹೇಳಿ" ಎನ್ನುತ್ತಾರೆ. ಆ ಕಾಣದ ಪುಣ್ಯಾತ್ಮನಿಗಾಗಿ ಹಳೆಯ ಕಾರಿನ ಸೀಟಿನ ಪ್ಲಾಸ್ಟಿಕ್ ಕೊನೆಯವರೆಗೂ ಬಿಚ್ಚಲಿಲ್ಲ. ಮಕ್ಕಳು ಅದರಲ್ಲಿ ಒಂದು ಬಿಸ್ಕತ್ತೂ ತಿನ್ನದೆ ದೊಡ್ಡವರಾದರು. ಮನೆಯಲ್ಲೂ ಅವನದೇ ಹಂಗು. "ಮೊಳೆ ಹೊಡೆದ್ರೆ ಮಾರೋವಾಗ ತೂತು ಕಾಣ್ಸುತ್ತೆ ಕಣೇ" ಎಂದಿದ್ದರು, ಮದುವೆಯಾದ ಹೊಸದರಲ್ಲಿ. ಅವರಿಬ್ಬರ ಮದುವೆಯ ಫೋಟೊ ಇವತ್ತಿಗೂ ನೆಲದ ಮೇಲೆಯೇ ಇದೆ; ಗುಡಿಸುವಾಗಲೆಲ್ಲ ಅವಳು ಅದನ್ನು ಎತ್ತಿ, ಮತ್ತೆ ಅದೇ ಗೋಡೆಗೆ ಒರಗಿಸುತ್ತಾಳೆ.