ಹುಕ್ಕೇರಿಯ ಪಡಸಾಲೆಯಲ್ಲಿ ಚೆಲ್ಲಿದ ಎಲೆಗಳು

ಶನಿವಾರ ಬೆಳಿಗ್ಗೆ ರಜೆ ಹಾಕಿ ಗೋಕಾಕದಿಂದ ಮೂಡಲಗಿಗೆ ಹೊರಟೆ. ಯುದ್ಧದ ಕಾಲ, ಪೆಟ್ರೋಲು ಸಿಗುತ್ತಿರಲಿಲ್ಲ. ಸರ್ವಿಸ್ ಮೋಟರಿನ ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿದ್ದರು. ಅದನ್ನು ಊದಿ ಗ್ಯಾಸು ಎಬ್ಬಿಸುವುದರಲ್ಲಿಯೇ ಒಂದು ತಾಸು ಹೋಯಿತು. ಆರಾಣೆ ಕೊಟ್ಟು ಹತ್ತಿದವರು ದಾರಿಯಲ್ಲಿ ಎರಡು ಕಡೆ ಇಳಿದು ನೂಕಿದೆವು.

ಹೋದ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತಂಗಿ ಗಂಗವ್ವನನ್ನು ಹುಕ್ಕೇರಿಯ ರಾಚಪ್ಪನವರು ತಮ್ಮ ಮಗನಿಗೆ ತಂದುಕೊಳ್ಳಲು ಒಪ್ಪಿದ್ದರು. ಅಷ್ಟರಲ್ಲಿ ಯಾರೋ ಅವರ ಕಿವಿಗೆ ಹಾಕಿದರು, ಹುಡುಗಿಯ ಅಣ್ಣ ಇಸ್ಪೀಟು ಹಿಡಿಯುತ್ತಾನೆ ಎಂದು. ಅವರು ಹೇಳಿ ಕಳಿಸಿದರು: 'ರವಿವಾರ ಬರ್ಲಿ, ಎಲಿ ತಗೊಂಡ ಬರ್ಲಿ. ಏನ ಮಾಡತಾನ ನಮ್ಮ ಮುಂದ ಮಾಡ್ಲಿ. ಜೂಜಗಾರ ಆದ್ರ ಆ ಮನಿ ಹೆಣ್ಣ ನಮಗ ಬ್ಯಾಡ.'

ನಾನು ಜೂಜಾಡಿದವನಲ್ಲ. ಮೂರನೆಯ ಇಯತ್ತೆಗೇ ಸಾಲೆ ಬಿಟ್ಟು ಗೋಕಾಕ ಫಾಲ್ಸಿನ ನೂಲಿನ ಗಿರಣಿ ಸೇರಿದವನು. ಹರಿದ ನೂಲಿಗೆ ಗಂಟು ಹಾಕಿ ಹಾಕಿ ಬೆರಳು ಪಳಗಿದ್ದವು. ಎಲೆಯ ಕೈಚಳಕ ಕಲಿತದ್ದು ನೋಡಿದವರು ಬೆರಗಾಗಲಿ ಎಂದು, ಯಾರ ಗಂಟು ಹೊಡೆಯಲಿಕ್ಕೂ ಅಲ್ಲ. ಮೂರು ವರ್ಷ ಬೆವರು ಸುರಿಸಿ ಗಳಿಸಿದ ವಿದ್ಯೆ. ಓದಿದವರ ನಡುವೆ ತಲೆ ಎತ್ತಿ ನಿಲ್ಲಲು ನನಗಿದ್ದದ್ದು ಅದೊಂದೇ.

ಕಲಿಸಿದವರು ಮೂಡಲಗಿಯ ಲಾಲಸಾಬ ಕಾಕಾ. ಹಿಂದೆ ನಾಟಕ ಕಂಪನಿಯ ಜೊತೆ ತಿರುಗಿ, ಅಂಕದ ಪರದೆ ಬಿದ್ದಾಗ ಎಲೆಯ ಆಟ ತೋರಿಸುತ್ತಿದ್ದರು. ಈಗ ಬಟ್ಟೆ ಹೊಲಿಯುತ್ತಾರೆ. ಗುಟ್ಟು ಯಾರಿಗೂ ಬಿಡುವುದಿಲ್ಲ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಹುಕ್ಕೇರಿಯಲ್ಲಿ ಎಲ್ಲವನ್ನೂ ಬಿಚ್ಚಿ ತೋರಿಸಲು ಅವರ ಅಪ್ಪಣೆ ಬೇಕಿತ್ತು.

'ಬಾರೋ ಗಿರಣಿ ಸಾಹೇಬ,' ಎಂದವರು ಸಂಗತಿ ಕೇಳಿ ಮಷೀನು ನಿಲ್ಲಿಸಿದರು. 'ಗುಟ್ಟ ಬಿಡಬ್ಯಾಡ. ಛಲೋ ಮಾಡಿ ತೋರ್ಸಿದೆಂದ್ರ, ಇಂಥಾ ಕೈ ಊರ ಲೂಟಿ ಮಾಡತೈತಿ ಅಂತಾರ. ಕೆಡಿಸಿ ಮಾಡು. ನಟ್ಟನಡುವ ಎಲಿ ಚೆಲ್ಲಿಬಿಡು. ನಗತಾರ. ನಕ್ಕವರು ಆಮ್ಯಾಲ ಅಂಜೂದಿಲ್ಲ.'

'ನನ್ನ ಕೈಯಾಗಿಂದ ಎಲಿ ಬೀಳೂದಂದ್ರ ಕಾಕಾ...'

'ಯಾಕ, ಮರ್ಯಾದಿ ಹೋಗತೈತೇನು? ಅದು ದೊಡ್ಡದೋ, ತಂಗೀ ಲಗ್ನ ದೊಡ್ಡದೋ?'

ಅವರ ಮನೆಯ ರೊಟ್ಟಿ, ಶೇಂಗಾ ಹಿಂಡಿ ಉಂಡು, ಸಂಜೆಯ ಮೋಟರಿಗೆ ಊರಿಗೆ ಬಂದೆ.

ರವಿವಾರ ಒಂದು ಸೇರು ಕರದಂಟು ಕಟ್ಟಿಸಿಕೊಂಡು ಹುಕ್ಕೇರಿಯ ಮೋಟರು ಹಿಡಿದೆ. ಧುಪದಾಳದ ಒಡ್ಡಿನ ಮೇಲೆ ನೀರು ಬೆಳ್ಳಗೆ ಧುಮುಕುತ್ತಿತ್ತು, ನೋಡುವ ಮನಸ್ಸಿರಲಿಲ್ಲ. ಟವೆಲಿನ ಮರೆಯಲ್ಲಿ ಎಲೆ ಬೀಳಿಸುವುದನ್ನು ರೂಢಿ ಮಾಡುತ್ತಿದ್ದೆ. ಮೂರನೆಯ ಸಲ ಚೆಲ್ಲಿದಾಗ ಬಾಜೂ ಕೂತ ಮುದುಕಿ, 'ಯಾಕ ತಮ್ಮಾ, ಮುಂಜಾನೆ ಉಂಡಿಲ್ಲೇನು? ಕೈಯಾಗ ಕಸುವ ಇಲ್ಲ' ಎಂದಳು.

ರಾಚಪ್ಪನವರ ಪಡಸಾಲೆಯಲ್ಲಿ ಜಮಖಾನ ಹಾಸಿ ನಾಲ್ವರು ಹಿರಿಯರು ಕೂತಿದ್ದರು. ಕಾಲಿಗೆ ನೀರು ಕೊಟ್ಟರು. ಚಹಾ ಬರಲಿಲ್ಲ. ರಾಚಪ್ಪನವರು, 'ಹೂಂ, ನಡೀಲ್ರಿ' ಎಂದಷ್ಟೇ ಹೇಳಿದರು.

ಅವರೇ ಒಂದು ಎಲೆ ಎಳೆದರು. ಬದಾಮ ರಾಣಿ, ಅಂದರೆ ಆಟೀನಿನದು. ಎಲ್ಲರಿಗೂ ತೋರಿಸಿ ಕಟ್ಟಿನ ನಡುವೆ ಇಟ್ಟರು. ಅದನ್ನು ನಾನು ಮೇಲಕ್ಕೆ ತರಬೇಕು. ಹಲ್ಲು ಕಚ್ಚಿ ಕೈ ಸಡಿಲಿಸಿದೆ. ಐವತ್ತೆರಡು ಎಲೆಯೂ ಜಮಖಾನದ ಮೇಲೆ ಹರಡಿದವು.

'ಇವರನ್ನ ದಿನಾ ಆಡಾಕ ಕರೀರ್ರಿ,' ಎಂದು ಹಿರಿಯರೊಬ್ಬರು ಹೊಟ್ಟೆ ಹಿಡಿದು ನಕ್ಕರು, 'ಎಲ್ಲಾರೂ ಒಂದೊಂದ ಹೊಲಾ ಗೆದ್ಕೊಂಡ ಹೋಗೂಣು!'

ಕಿವಿ ಕಾದು ಹೋದವು. ಆದರೂ ಕೆಲಸ ಆಯಿತೆಂದುಕೊಂಡೆ. ರಾಚಪ್ಪನವರು ಮಾತ್ರ ನಗಲಿಲ್ಲ. ಬಗ್ಗಿ ಎಲೆಗಳನ್ನೇ ನೋಡುತ್ತಿದ್ದರು.

'ಇಷ್ಟೂ ಎಲಿ ಬಿದ್ದಾವ. ಒಂದರ ಮಾರಿನೂ ಮ್ಯಾಲ ಇಲ್ಲ. ಕೈ ಜಾರಿದ ಎಲಿ ಹಿಂಗ ಬೀಳತಾವೇನ್ರಿ?'

ನಗೆ ನಿಂತಿತು. ಎಲೆಯ ಮಾರಿ, ಅದರ ಚಿತ್ರದ ಬದಿ, ಯಾರಿಗೂ ಕಾಣದಂತೆ ಹಿಡಿಯುವುದು ನನಗೆ ಹತ್ತಿದ ರೂಢಿ. ಬೀಳಿಸುವಾಗಲೂ ಕೈ ಅದನ್ನು ಬಿಟ್ಟಿರಲಿಲ್ಲ. ಒಳಬಾಗಿಲ ಹಿಂದೆ ನಿಂತ ಹೆಂಗಸರ ಬಳೆಯ ಸಪ್ಪಳವೂ ನಿಂತಿತು. ಇನ್ನೊಂದು ಸುಳ್ಳು ಹೇಳಿದರೆ ಗಂಗವ್ವನ ಲಗ್ನ ಅಲ್ಲಿಗೇ ಮುಗಿಯುತ್ತಿತ್ತು.

'ಬೇಕಂತನ ಚೆಲ್ಲೀನ್ರಿ,' ಎಂದೆ. 'ಖರೆ ಹೆಂಗ ಮಾಡತೀನಿ ನೋಡ್ರಿ.'

ಕಾಕಾನಿಗೆ ಕೊಟ್ಟ ಮಾತು ಮುರಿದೆ. ಎಲೆಗಳನ್ನು ಬಳಿದು ಕಟ್ಟು ಮಾಡಿ, ರಾಣಿಯನ್ನು ಮತ್ತೆ ನಡುವೆ ಇಟ್ಟೆ. ಎಲೆ ನಡುವೆ ಇಟ್ಟ ಕೂಡಲೆ ಅದರ ಮೇಲಿನ ಸಂದಿಗೆ ಎಡಗೈಯ ಕಿರುಬೆರಳ ತುದಿ ಸೇರಿಸುವುದು. ನೋಡುವವರನ್ನು ಮಾತಿಗೆಳೆದು, ಬಲಗೈಯ ಮರೆಯಲ್ಲಿ ಕೆಳಗಿನ ಅರ್ಧವನ್ನು ಮೇಲೆ ತರುವುದು. ಇರುವೆ ನಡೆದ ಹಾಗೆ ನಿಧಾನ ಮಾಡಿದೆ. ರಾಣಿ ಮೇಲೆ ಬಂದಳು.

ರಾಚಪ್ಪನವರು ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಸರಿದರು. 'ಇನ್ನೊಮ್ಮೆ.' ಮಾಡಿದೆ. 'ಎದುರಿನಾಂವ ಕಟ್ಟ ಎರಡ ಭಾಗಾ ಮಾಡಿ, ಕೆಳಗಿಂದು ಮ್ಯಾಲ ಇಟ್ಟಿದ್ರ?'

'ಅದನ್ನೂ ಹಿಂಗ ತಿರುವಿ ಮೊದಲಿನಂಗ ಮಾಡಬಹುದ್ರಿ. ಅವಗ ತಿಳಿಯಂಗಿಲ್ಲ.'

ಅವರು ಕಟ್ಟನ್ನು ತಮ್ಮ ಕೈಗೆ ತೆಗೆದುಕೊಂಡರು. 'ಮದಿವಿಗಿಂತ ಮೊದಲ ಎಲಿ ಆಡಿ ನಮ್ಮಪ್ಪನ ಜೋಡೆತ್ತ ಕಳದ್ನಿ. ಕಟ್ಟ ನಾನ ಎರಡ ಭಾಗಾ ಮಾಡಿ ಇಟ್ಟಿದ್ನಿ, ಈ ಕೈಲೆ. ಅದಕ್ಕ ಮೋಸ ಅನ್ನಾಕ ಬಾಯಿ ಬರ್ಲಿಲ್ಲ. ನನ್ನ ನಸೀಬನ ಇಷ್ಟ ಅಂತ ತಿಳದ ಕುಂತೀನಿ, ಇಲ್ಲೀತನಕ.'

ಕಟ್ಟನ್ನು ನನ್ನ ಕೈಗೆ ಮರಳಿಸಿದರು.

'ಕದಿಯಾಂವ ಆಗಿದ್ರ ನೀ ಇದನ್ನ ತೋರಸ್ತಿದ್ದಿಲ್ಲ ತಮ್ಮಾ,' ಎಂದು ಒಳಗೆ ತಿರುಗಿ ಕೂಗಿದರು: 'ಬೀಗರಿಗೆ ಚಹಾ ತರ್ರಿ.'

ಮೋಟರಿನ ತನಕ ಅವರೇ ಕಳಿಸಲು ಬಂದರು. ನಾನು ಲಾಲಸಾಬ ಕಾಕಾನ ಮುಂದೆ ಹೇಗೆ ನಿಲ್ಲಲಿ ಎಂಬ ಯೋಚನೆಯಲ್ಲಿದ್ದೆ. ಗಾಡಿ ಹೊರಟಾಗ ತಿರುಗಿ ನೋಡಿದೆ. ಇದ್ದಿಲ ಹೊಗೆಯ ಆಚೆ ರಾಚಪ್ಪನವರು ಖಾಲಿ ಅಂಗೈ ಮುಂದೆ ಹಿಡಿದು, ಕಿರುಬೆರಳೊಂದನ್ನೇ ಮಡಚಿ ಬಿಚ್ಚಿ, ಮಡಚಿ ಬಿಚ್ಚಿ ನೋಡುತ್ತ ನಿಂತಿದ್ದರು.