ಬೆಂಕಿ ಹಚ್ಚದ ಬದು

"ಕಾಕಾ, ಲಗೂನ ಬರ್ರಿ! ನರಿ ಮರಿ ಒಳಗ ಉಳದೈತಿ!" ಎಂದು ಸುನಂದಾ ಕೂಗಿದಳು. ಬೇಡಕಿಹಾಳದ ನಮ್ಮ ಕಬ್ಬಿಗೆ ಡ್ರೋನ್‌ನಿಂದ ಔಷಧ ಹೊಡೆಯಲು ಬಂದವಳು ಅವಳು. ಪಕ್ಕದ ಹೊಲದ ಅಪ್ಪಾಸಾಬ, ಕಬ್ಬು ಕಡಿದ ಮೇಲೆ ಉಳಿದ ಒಣಗರಿಯ ರವದಿಗೆ ಬೆಂಕಿ ಹಚ್ಚಿದ್ದ. ಅವಳ ಕೈಯಲ್ಲಿದ್ದ ಪರದೆಯಲ್ಲಿ ನೋಡಿದೆ. ಮೇಲಿನಿಂದ ಆ ಹೊಲ ಮೂರು ಕಡೆ ಕೆಂಪಗೆ ಉರಿಯುತ್ತಿತ್ತು. ನಾಲ್ಕನೆಯ ಕಡೆ, ಬೆಂಕಿ ಇಲ್ಲದ ಬದುವಿನ ಮೇಲೆ, ತಾಯಿ ನರಿ ನಿಂತು ಹಿಂದಕ್ಕೆ ನೋಡುತ್ತಿತ್ತು.

"ಈ ಕಡೆ ಹಚ್ಚೂದು ಮರತಾರೇನ್ರಿ ಅವರು?"

"ಮರತಿಲ್ಲವ್ವಾ, ಬೇಕಂತನ ಬಿಟ್ಟಾನ," ಎಂದೆ.

ನಮ್ಮಪ್ಪನೂ ಹೀಗೆಯೇ ಒಂದು ಬದು ಬಿಡುತ್ತಿದ್ದ. ಹಚ್ಚುವ ಮೊದಲು ಊಟದ ತಾಟು ಬಡಿಯುತ್ತ, "ಹೊರಗ ನಡೀರೆಪಾ, ಮರಿ-ಗಿರಿ ಕರ್ಕೊಂಡ ನಡೀರಿ" ಎಂದು ನೆಂಟರಿಗೆ ಹೇಳಿದಂತೆ ಕೂಗುತ್ತಿದ್ದ. ನಾವು ಮಕ್ಕಳು ನಗುತ್ತಿದ್ದೆವು. ಆ ಹೊಗೆಯಲ್ಲಿ ಒಂದು ಪ್ರಾಣಿಯೂ ಕಣ್ಣಿಗೆ ಬೀಳುತ್ತಿರಲಿಲ್ಲ.

ಪರದೆಯಲ್ಲಿ ಹೊಗೆ ಸರಿಯಿತು. ಮರಿ ಎಡವುತ್ತ ಬದು ಹತ್ತಿತು. ತಾಯಿ ಅದನ್ನು ಬಾಯಲ್ಲಿ ಕಚ್ಚಿಕೊಂಡು ಓಡಿತು.

ನಾನೀಗ ರವದಿ ಸುಡುವುದಿಲ್ಲ, ಹೊಲದಲ್ಲೇ ಕೊಳೆಯಲು ಬಿಡುತ್ತೇನೆ. ಆದರೂ ಅವತ್ತು ಮನೆಗೆ ಹೋಗಿ, ಅಟ್ಟದ ಮೇಲಿದ್ದ, ಅಪ್ಪ ಬಡಿದು ಬಡಿದು ನೆಗ್ಗಿದ ಆ ತಾಟು ಇಳಿಸಿ ತೊಳೆದಿಟ್ಟೆ. ತಾನು ಬಿಟ್ಟ ದಾರಿಯಲ್ಲಿ ಯಾರು ಹೋದರೆಂದು ಅಪ್ಪ ಒಮ್ಮೆಯೂ ಕಂಡಿರಲಿಲ್ಲ.