ಹಸಿರು ದಾರದ ಸಾಕ್ಷಿ

ಆ ಬೀದಿಯವರೆಲ್ಲ ಅವಳನ್ನು ಲಾಂಡ್ರಿ ಅಕ್ಕ ಎನ್ನುತ್ತಿದ್ದರು. ಪ್ರೀತಿಯಿಂದ ಎಂದುಕೊಂಡರೆ ನಿಮ್ಮಷ್ಟು ಪೆದ್ದರು ಇನ್ನೊಬ್ಬರಿಲ್ಲ. ಬಟ್ಟೆ ತಂದವನ ಕಾಲರ್ ತಿರುಗಿಸಿ, ಕೊಳೆಯನ್ನು ನಾಲ್ಕು ಜನರೆದುರು ಎತ್ತಿ ತೋರಿಸಿ, “ಮನೇಲಿ ಕತ್ತು ತೊಳೆಯೋಕೆ ನೀರಿಲ್ವಾ?” ಎಂದು ಕೇಳುವ ಹೆಂಗಸು ಅವಳು. ಆದರೂ ಜನ ಅಲ್ಲಿಗೇ ಬರುತ್ತಿದ್ದರು, ಏಕೆಂದರೆ ಇಪ್ಪತ್ತೆರಡು ವರ್ಷಗಳಲ್ಲಿ ಅವಳ ಅಂಗಡಿಯಲ್ಲಿ ಒಂದು ಕರವಸ್ತ್ರವೂ ಅದಲುಬದಲಾಗಿರಲಿಲ್ಲ. ಚೀಟಿ ಇಲ್ಲ, ಪುಸ್ತಕ ಇಲ್ಲ. ಕಾಲರಿನ ಒಳಮೈಗೆ ಬಣ್ಣದ ದಾರದಲ್ಲಿ ಎರಡು ಮೂರು ಹೊಲಿಗೆ, ಅಷ್ಟೇ. ಯಾವ ಹೊಲಿಗೆ ಎಲ್ಲಿಯದು ಎಂಬುದೆಲ್ಲ ಅವಳ ತಲೆಯಲ್ಲಿತ್ತು, ಮತ್ತು ಆ ತಲೆಯ ಬಗ್ಗೆ ಅವಳಿಗಿದ್ದ ಜಂಬ ಅಷ್ಟಿಷ್ಟಲ್ಲ.

ಅವಳಿಗೆ ಒಬ್ಬಳೇ ತಂಗಿ. ತಂಗಿಯ ಗಂಡ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಕೆಲಸದವನು. ಹಿಂದಿನ ಓಣಿಯ ಮಹಡಿ ಮನೆಯಲ್ಲಿದ್ದರು. ಅವನು ಹೆಂಡತಿಯನ್ನು ಹೊಡೆಯುತ್ತಿದ್ದ. ಕುಡಿದು ಹೊಡೆಯುವವನಾಗಿದ್ದರೆ ಕುಡಿತವನ್ನಾದರೂ ಬೈಯಬಹುದಿತ್ತು. ಇವನು ಊಟ ಮುಗಿಸಿ, ಕೈ ಒರೆಸಿಕೊಂಡು, ಆಮೇಲೆ ಹೊಡೆಯುವವನು. ಒಂದು ದಿನ ತಂಗಿ ಮುರಿದ ಮಣಿಕಟ್ಟು ಹಿಡಿದುಕೊಂಡು ಅಕ್ಕನ ಅಂಗಡಿಗೆ ಬಂದಳು, ಮತ್ತೆ ಹೋಗಲಿಲ್ಲ. ವಾರದೊಳಗೆ ಅವನೂ ಆ ಮನೆ ಬಿಟ್ಟು ಕಾರ್ಖಾನೆಯ ಹತ್ತಿರ ಕೋಣೆ ಹಿಡಿದ.

ಎರಡು ತಿಂಗಳ ಮೇಲೆ ಹತ್ತಿರದ ಗೋದಾಮೊಂದರ ಕಾವಲುಗಾರನನ್ನು ಯಾರೋ ಕೊಂದರು. ಚೀಲಗಳ ಸಂದಿಯಲ್ಲಿ ರಕ್ತ ಮೆತ್ತಿದ ಅಂಗಿಯೊಂದು ಸಿಕ್ಕಿತು. ಕಾಲರಿನೊಳಗೆ ಹಸಿರು ದಾರ: ಎರಡು ಅಡ್ಡ, ಒಂದು ಉದ್ದ. ಪೊಲೀಸರು ಅದನ್ನು ಹಿಡಿದು ಲಾಂಡ್ರಿಯಿಂದ ಲಾಂಡ್ರಿಗೆ ಅಲೆದು ಇವಳ ಮುಂದೆ ಬಂದು ನಿಂತರು.

“ಇದು ಯಾರ ಗುರುತು?”

“ನನ್ನ ತಂಗಿ ಗಂಡಂದು” ಎಂದಳು ಲಾಂಡ್ರಿ ಅಕ್ಕ. ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಕೆಳಗಿಡಲೂ ಇಲ್ಲ.

ಕೋರ್ಟಿನಲ್ಲೂ ಅದನ್ನೇ ಹೇಳಿದಳು. ಅವನು ಕಟಕಟೆಯಲ್ಲಿ ನಿಂತು ಅಂಗಿ ನನ್ನದಲ್ಲ ಎಂದು ಕಿರುಚಾಡಿದ. ಅವನ ವಕೀಲ ಕೇಳಿದ್ದು ಒಂದೇ ಪ್ರಶ್ನೆ, ಗಿರಾಕಿಗಳ ಪುಸ್ತಕ ಇದೆಯೇ ಎಂದು. “ನನ್ನ ತಲೆಯೇ ಪುಸ್ತಕ” ಎಂದಳು. ಕೋರ್ಟಿನಲ್ಲಿ ನಗು ಎದ್ದಿತು. ಕಾವಲುಗಾರನ ಜೊತೆ ಅವನು ಹಿಂದೊಮ್ಮೆ ಕೈಕೈ ಮಿಲಾಯಿಸಿದ್ದ ಸಂಗತಿಯೂ ಸೇರಿ, ಜೀವಾವಧಿ ಶಿಕ್ಷೆಯಾಯಿತು. ಅವಳ ಹೊಟ್ಟೆ ತಣ್ಣಗಾಯಿತು.

ತಂಗಿಗೆ ಏನಾಯಿತು ಎಂದು ಕೇಳಿದವರಿಲ್ಲ. ಕೊಲೆಗಾರನ ಹೆಂಡತಿ ಎಂದು ಹೊಲಿಗೆ ಕಾರ್ಖಾನೆಯವರು ಕೆಲಸದಿಂದ ಬಿಡಿಸಿದರು. ಬೇರೆ ಮನೆ ಹುಡುಕಿದರೆ ಯಾರೂ ಬಾಡಿಗೆಗೆ ಕೊಡಲಿಲ್ಲ. ಹೀಗೆ ಆರು ವರ್ಷ ಅಕ್ಕನ ಅಂಗಡಿಯ ಹಿಂದಿನ ಕೋಣೆಯಲ್ಲಿ, ಸರಿಯಾಗಿ ಕೂಡದ ಮಣಿಕಟ್ಟಿನಲ್ಲೇ ಇಸ್ತ್ರಿ ಹಾಕಿದಳು. ಅಕ್ಕನಿಗೂ ಅದು ಒಗ್ಗಿಹೋಗಿತ್ತು. ಎದುರಾಡದೆ ದುಡಿಯುವ ಎರಡು ಕೈ ಯಾರಿಗೆ ಬೇಡ?

ಏಳನೆಯ ವರ್ಷ ಮೇಲಿನ ಕೋರ್ಟಿನಲ್ಲಿ ಅವನ ಮೇಲ್ಮನವಿಗೆ ಪಾಳಿ ಬಂತು. ಅವನ ಪರವಾಗಿ ಹೊಸ ವಕೀಲೆಯೊಬ್ಬಳು ಕಡತ ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ಬಂದಳು.

“ಅಕ್ಕಾ, ನೀವು ಗುರುತು ಹಾಕೋದು ಹೇಗೆ ಅಂತ ಸ್ವಲ್ಪ ಹೇಳ್ತೀರಾ?”

“ದಾರದಲ್ಲಿ. ದಾರಿ ಬಿಡಮ್ಮ, ಬೆಳಕಿಗೆ ಅಡ್ಡ ನಿಂತಿದ್ದೀಯ.”

ಅಷ್ಟಕ್ಕೇ ಮುಗಿಯುತ್ತಿತ್ತೇನೋ. ಆದರೆ ಅದೇ ಹೊತ್ತಿಗೆ ಹೊಸ ಗಿರಾಕಿಯೊಬ್ಬ ಬಟ್ಟೆಯ ಗಂಟಿನೊಡನೆ ಬಂದ. ಯಾವ ಮನೆ ಎಂದು ಕೇಳಿದಳು. ಬೇಕರಿಯ ಮೇಲಿನದು ಎಂದ. ಇವಳು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಕೆಂಪು ದಾರ ಪೋಣಿಸಿ ಹೊಲಿಗೆ ಹಾಕತೊಡಗಿದಳು.

“ಅಷ್ಟು ಬೇಗ ಹೊಸ ಗುರುತು ಹೊಳೀತಾ?” ಎಂದಳು ವಕೀಲೆ.

“ಹೊಸದಲ್ಲ. ಹಿಂದೆ ಆ ಮನೇಲಿದ್ದ ಮೇಷ್ಟ್ರಿಗೂ ಇದೇ ಇತ್ತು. ಗುರುತು ಮನುಷ್ಯನಿಗಲ್ಲಮ್ಮ, ಬಾಗಿಲಿಗೆ. ಬಾಡಿಗೆಯವರು ಇವತ್ತು ಬರ್ತಾರೆ ನಾಳೆ ಹೋಗ್ತಾರೆ. ಬಾಗಿಲು ಎಲ್ಲಿಗೆ ಹೋಗುತ್ತೆ?”

ಹೇಳಿಯಾದ ಮೇಲೆ ನಾಲಿಗೆ ಕಚ್ಚಿಕೊಂಡಳು. ವಕೀಲೆ ಕಡತ ತೆರೆದು ಪೆನ್ನು ತೆಗೆದಿದ್ದಳು. “ನಿಮ್ಮ ತಂಗಿ ಗಂಡ ಖಾಲಿ ಮಾಡಿದ ಮೇಲೆ ಆ ಮಹಡಿ ಮನೆಗೆ ಯಾರು ಬಂದ್ರು, ಅಕ್ಕಾ?”

“ನನಗೇನು ಗೊತ್ತು. ಹೊರಡು” ಎಂದು ಕೆಂಡ ಕಾರಿದಳು.

ಗೊತ್ತಿತ್ತು. ಮೊದಲ ದಿನದಿಂದಲೂ ಗೊತ್ತಿತ್ತು. ಹೇಳಿದರೆ ಅವನು ಹೊರಗೆ ಬರುತ್ತಾನೆ, ನೆಟ್ಟಗೆ ತಂಗಿಯ ಬಾಗಿಲಿಗೇ ಬರುತ್ತಾನೆ. ಅವನು ಒಳಗಿರುವುದೇ ನ್ಯಾಯ, ಯಾವ ತಪ್ಪಿಗಾದರೇನು ಎಂದು ಅವಳು ಆರು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದ್ದಳು. ಮೇಲಿನ ಕೋರ್ಟು ಅವಳನ್ನು ಮತ್ತೆ ವಿಚಾರಿಸಬೇಕೆಂದು ಸಮನ್ಸು ಕಳಿಸಿದಾಗಲೂ ಹೆದರಲಿಲ್ಲ. ನೆನಪಿಲ್ಲ ಎಂದುಬಿಟ್ಟರೆ ಆಯಿತು. ನೆನಪಿಲ್ಲ ಎಂದವಳನ್ನು ಯಾರು ತಾನೇ ಏನು ಮಾಡಿಯಾರು?

ತಂಗಿ ತಾನೂ ಬರುತ್ತೇನೆಂದು ಹಟ ಹಿಡಿದು ಬಂದು, ಕೊನೆಯ ಬೆಂಚಿನಲ್ಲಿ ಕುಳಿತಳು.

ಆ ಮನೆಗೆ ಆಮೇಲೆ ಯಾರು ಬಂದರೆಂದು ವಕೀಲೆ ಕೇಳಿದಳು. ಲಾಂಡ್ರಿ ಅಕ್ಕ ನೆನಪಿಲ್ಲ ಎಂದಳು. ಅಲ್ಲಿಗೆ ಸುಮ್ಮನಿದ್ದರೆ ಅವಳ ಕೆಲಸ ಮುಗಿದಿತ್ತು. ಆದರೆ ಸರ್ಕಾರಿ ವಕೀಲರು, ಅವಳ ಪರವಾಗಿಯೇ ಮಾತಾಡುವವರು, ಎದ್ದು ನಿಂತು ಮೃದುವಾಗಿ ಹೇಳಿದರು: “ಸ್ವಾಮಿ, ಸಾಕ್ಷಿಗೆ ವಯಸ್ಸಾಗಿದೆ. ಓದುಬರಹ ಇಲ್ಲ. ಮುನ್ನೂರು ಮನೆ ಗುರುತು ಈಗ ಕಲಸಿಹೋಗಿರೋದು ಸಹಜ. ಮರೆವು ಯಾರನ್ನೂ ಬಿಟ್ಟಿಲ್ಲ.”

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಲಾಂಡ್ರಿ ಅಕ್ಕನ ಮೈಯೆಲ್ಲ ಉರಿದುಹೋಯಿತು.

“ಯಾರಿಗ್ರೀ ಮರೆವು?” ಎಂದಳು. “ಇವರು ಖಾಲಿ ಮಾಡಿ ನಾಲ್ಕನೇ ದಿನಕ್ಕೆ ಮರದ ಕೆಲಸದವನು ಬಂದ. ಎಡಗೈಯಲ್ಲಿ ಎರಡು ಬೆರಳಿರಲಿಲ್ಲ. ಒಂಬತ್ತು ವಾರ ಇದ್ದ. ಐದು ಅಂಗಿ, ಮೂರು ಪ್ಯಾಂಟು, ಒಂದು ಹೊದಿಕೆ. ಬೂದು ಅಂಗೀಲಿ ಮೂರನೇ ಗುಂಡಿ ಕಪ್ಪು, ಮಿಕ್ಕಿದ್ದೆಲ್ಲ ಬಿಳಿ. ಅದೇ ಅಂಗಿ ಸ್ವಾಮಿ ನೀವು ಇಟ್ಕೊಂಡಿರೋದು. ನಾನೇ ಎರಡು ಸಲ ಒಗೆದಿದ್ದೀನಿ. ಕೊಲೆ ಆದ ಮಾರನೇ ದಿನದಿಂದ ಅವನು ಕಾಣಿಸಲಿಲ್ಲ.”

ಅಂಗಿ ತರಿಸಿದರು. ಮೂರನೆಯ ಗುಂಡಿ ಕಪ್ಪಾಗಿತ್ತು.

ಇಬ್ಬರು ನ್ಯಾಯಾಧೀಶರಲ್ಲಿ ಹಿರಿಯರು ಕನ್ನಡಕ ತೆಗೆದು ಕೇಳಿದರು: “ಆವತ್ತು ಸಾಕ್ಷಿ ಹೇಳುವಾಗ ಇದು ನಿಮಗೆ ಗೊತ್ತಿರಲಿಲ್ಲ, ಆಮೇಲೆ ನೆನಪಾಯ್ತು. ಹಾಗೇನಾ?”

ಹೌದು ಎಂದು ಗೋಣು ಹಾಕಿದ್ದರೆ ಸಾಕಿತ್ತು. ಅವರೇ ಬಾಗಿಲು ತೆರೆದು ಕೊಟ್ಟಿದ್ದರು.

“ಗೊತ್ತಿತ್ತು” ಎಂದಳು. “ಅವನು ನನ್ನ ತಂಗಿ ಕೈ ಮುರಿದಿದ್ದ.”

ಅದನ್ನು ಬರೆದುಕೊಂಡರು. ಸುಳ್ಳು ಸಾಕ್ಷಿಗೆ ಅವಳ ಮೇಲೆ ಏನು ಕ್ರಮ ಎಂಬುದನ್ನು ಬೇರೆ ದಿನ ನೋಡುತ್ತೇವೆ ಎಂದರು. ಎರಡು ವಾರದ ಮೇಲೆ ಶಿಕ್ಷೆ ರದ್ದಾಗಿ ಅವನ ಬಿಡುಗಡೆಗೆ ಆದೇಶವಾಯಿತು. ಆ ಎರಡು ವಾರ ತಂಗಿ ಎಂದಿನಂತೆ ಇಸ್ತ್ರಿ ಹಾಕಿದಳು. ಆದೇಶದ ಸುದ್ದಿ ಬಂದ ಬೆಳಿಗ್ಗೆ ತನ್ನ ಬಟ್ಟೆಗಳನ್ನು ಚೀಲಕ್ಕೆ ತುಂಬಿಕೊಂಡಳು.

“ಎಲ್ಲಿಗೆ ಹೋಗ್ತೀಯ? ಇಲ್ಲೇ ಇರು. ಅವನು ಬಂದ್ರೆ ನಾನಿದ್ದೀನಲ್ಲ” ಎಂದಳು ಅಕ್ಕ. “ನಿನಗೋಸ್ಕರಾನೇ ಮಾಡಿದ್ದು ಕಣೇ.”

“ನಾನು ಮಣಿಕಟ್ಟು ಮುರ್ಕೊಂಡು ಬಂದ ದಿನ ಪೊಲೀಸ್ ಸ್ಟೇಷನ್ನಿಗೆ ಹೋಗೋಣ ಅಂದೆ. ಮನೆ ಮರ್ಯಾದೆ ಹೋಗುತ್ತೆ, ಜಾರಿ ಬಿದ್ದೆ ಅಂತ ಹೇಳು ಅಂದೆ ನೀನು. ಡಾಕ್ಟರು ಹಾಗೇ ಬರ್ಕೊಂಡ್ರು. ಅವನು ಮಾಡಿದ್ದನ್ನ ನೀನು ಮುಚ್ಚಿಟ್ಟೆ, ಮಾಡದೇ ಇರೋದನ್ನ ಹೇಳಿದೆ.”

ಲಾಂಡ್ರಿ ಅಕ್ಕ ಚೀಲದ ಹಿಡಿಗೆ ಕೈ ಹಾಕಿದಳು. ತಂಗಿ ಅದನ್ನು ಬಿಡಿಸಿಕೊಂಡಳು.

“ಈಗ ಅವನು ಅನ್ಯಾಯವಾಗಿ ಜೈಲಿಗೆ ಹೋಗಿಬಂದ ಬಡಪಾಯಿ” ಎಂದಳು ತಂಗಿ. “ನಾನು ಕೋರ್ಟಲ್ಲಿ ಸುಳ್ಳು ಹೇಳಿದವಳ ತಂಗಿ. ಅವನು ನನ್ನನ್ನ ಹೊಡೀತಿದ್ದ ಅಂದ್ರೆ ಇನ್ನು ಯಾರಕ್ಕಾ ನಂಬ್ತಾರೆ?”

ಚೀಲವನ್ನು ನೆಟ್ಟಗಿದ್ದ ಕೈಗೆ ಬದಲಾಯಿಸಿಕೊಂಡು ಅವಳು ಬೀದಿಗಿಳಿದಳು.